ಹೌದು, ಗಾಜಿಲ್ಲದ ಬಾಗಿಲಿನ ಕಾರೇ ಬೇಕು

"ದುಡ್ಡಿನ ಯೋಚನೆ ಬಿಡಿ. ಕನಸಿನ ಗ್ಯಾರೇಜಿನಲ್ಲಿ ಯಾವ ಕಾರು ನಿಲ್ಲಿಸ್ತೀರಿ?"

ಕಾರಿನ ಹುಚ್ಚು ಇರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಾನು "ಹಳೇ ಹಾಟ್ ರಾಡ್ ರೋಡ್‌ಸ್ಟರ್‌ಗಳು" ಅನ್ನುತ್ತೇನೆ, ಅಂದರೆ ವೇಗಕ್ಕೆ ಅಂತ ಬಿಚ್ಚಿ ಮತ್ತೆ ಕಟ್ಟಿದ, ಬಾಗಿಲಿಗೆ ಗಾಜಿಲ್ಲದ ತೆರೆದ ಕಾರುಗಳು. ಎದುರಿನವರ ಮುಖ ಬಾಡುತ್ತದೆ. ಫೆರಾರಿ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಅರ್ಧ ಗಂಟೆ ವಿವರಣೆ ಕೊಡಬೇಕು. ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಲಿಂಕ್ ಕಳಿಸಿ ಸುಮ್ನಾಗುತ್ತೇನೆ.

ಹೋದ ರಾಜ್ಯೋತ್ಸವಕ್ಕೆ ಇಲ್ಲಿ, ಲಾಸ್ ಏಂಜಲಿಸ್ ಪಕ್ಕದ ಊರಿನಲ್ಲಿ, ಕನ್ನಡದವರೆಲ್ಲ ಸೇರಿದ್ದೆವು. ಬಿಸಿಬೇಳೆ ಬಾತಿನ ಸಾಲಿನಲ್ಲಿ ಒಬ್ಬರು ಇದೇ ಪ್ರಶ್ನೆ ಕೇಳಿದರು. ನಾನು ಫೋನ್ ತೆಗೆದು 1932ರ ಫೋರ್ಡ್ ರೋಡ್‌ಸ್ಟರ್ ತೋರಿಸಿದೆ. ಅವರು ಚಿತ್ರ ದೊಡ್ಡದು ಮಾಡಿ ನೋಡಿದರು. "ಮಡ್‌ಗಾರ್ಡ್ ಇಲ್ವಲ್ರೀ!" ಕಿತ್ತಿದ್ದಾರೆ ಅಂದೆ. "ಯಾರು, ಕಳ್ಳರಾ?" ಅಲ್ಲ, ಓನರ್ರೇ. "ಕಿಟಕಿ ಗಾಜು?" ಮೊದಲಿಂದಲೂ ಇಲ್ಲ, ಅದಕ್ಕೇ ರೋಡ್‌ಸ್ಟರ್. "ಮಳೆ ಬಂದ್ರೆ?" ಕೊನೆಗೆ, ನನಗೆ ಗೊತ್ತಿತ್ತು, ಬಂದೇ ಬರುತ್ತೆ ಅಂತ: "ಎಷ್ಟು ಕೊಡುತ್ತೆ?"

ಸ್ವಾಮಿ, ಕನಸಿನ ಗ್ಯಾರೇಜು ಅಂದವರು ನೀವೇ. ಕನಸಿನಲ್ಲೂ ಪೆಟ್ರೋಲ್ ಲೆಕ್ಕ ಹಾಕಬೇಕಾ?

ಮಡ್‌ಗಾರ್ಡ್ ಕಿತ್ತಿದ್ದು ಭಾರ ಇಳಿಸೋಕೆ. 1930-40ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡು, ಬೇಡದ್ದೆಲ್ಲ ಬಿಚ್ಚಿ ಹಾಕಿ, ಎಂಜಿನ್‌ನ ಶಕ್ತಿ ಹೆಚ್ಚಿಸಿ, ಮರುಭೂಮಿಯ ಒಣ ಕೆರೆಗಳಲ್ಲಿ ಓಡಿಸುತ್ತಿದ್ದರು. ಮುರಾಕ್, ಎಲ್ ಮಿರಾಜ್ ಅಂಥ ಜಾಗಗಳು. ಯಾರು ಎಷ್ಟು ವೇಗ ಹೋದರು ಅಂತ ಅಳೆಯೋಕೆ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ದುಡ್ಡಿದ್ದವರ ಆಟ ಇದಲ್ಲ. 1932ರಲ್ಲಿ ವಿ8 ಎಂಜಿನ್ನಿನ ಫೋರ್ಡ್ ರೋಡ್‌ಸ್ಟರ್ ಹೊಸದಾಗಿಯೇ 460 ಡಾಲರ್‌ಗೆ ಸಿಗುತ್ತಿತ್ತು. 65 ಅಶ್ವಶಕ್ತಿ. ಎಂಟು ಸಿಲಿಂಡರಿನ ಬ್ಲಾಕನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದನ್ನು ಫೋರ್ಡ್ ಸಾಧಿಸಿದ್ದರಿಂದ ಆ ಬೆಲೆ. ಹಳೆಯದಾದ ಮೇಲೆ ಕೇಳಬೇಕಾ?

ಇನ್ನೊಂದು ಗುಟ್ಟು. 1932ರ ಫೋರ್ಡ್‌ನ ಫ್ರೇಮು, ಅಂದರೆ ಕೆಳಗಿನ ಚೌಕಟ್ಟು, ಪಕ್ಕದಿಂದ ಕಾಣುವ ಹಾಗಿತ್ತು, ಅದರ ಮೇಲೆ ಒಂದು ಅಂದದ ಗೆರೆ ಒತ್ತಿದ್ದರು. ಮಡ್‌ಗಾರ್ಡ್ ಕಿತ್ತರೂ ಕಾರು ಬೋಳು ಅನಿಸುವುದಿಲ್ಲ. ಬೇರೆ ವರ್ಷದ ಕಾರಿನ ಮಡ್‌ಗಾರ್ಡ್ ಬಿಚ್ಚಿ ನೋಡಿ, ಗೊತ್ತಾಗುತ್ತೆ.

ಸರಿ, ಪಟ್ಟಿ ತಾನೇ ಬೇಕು? ಬಿಲ್ ನೀಕ್ಯಾಂಪ್ ಕಟ್ಟಿದ 1929ರ ಫೋರ್ಡ್ ಒಂದು. 1950ರಲ್ಲಿ ಓಕ್ಲೆಂಡ್ ಪ್ರದರ್ಶನದಲ್ಲಿ 'ಅಮೆರಿಕದ ಅತಿ ಸುಂದರ ರೋಡ್‌ಸ್ಟರ್' ಅನ್ನುವ ಬಹುಮಾನ ಮೊದಲ ಬಾರಿ ಕೊಟ್ಟಿದ್ದೇ ಇದಕ್ಕೆ. ಬರೀ ಚೆಂದದ ಗೊಂಬೆ ಅಂದುಕೊಳ್ಳಬೇಡಿ, ಎಲ್ ಮಿರಾಜಿನಲ್ಲಿ ಗಂಟೆಗೆ 142 ಮೈಲಿ ಓಡಿದೆ. ಡೋನ್ ಸ್ಪೆನ್ಸರ್‌ನ 1932 ಇನ್ನೊಂದು. ಇದಕ್ಕೆ ಡುವಾಲ್ ಅನ್ನುವ ಮಾದರಿಯ ಓರೆಯಾದ ವಿಂಡ್‌ಶೀಲ್ಡ್ ಇದೆ. ಮೆಕ್ಸಿಕೋದ ರಸ್ತೆ ರೇಸಿಗೆ ಅಂತ ಸ್ಪೆನ್ಸರ್ ಇದನ್ನು ನೆಲದಿಂದ ಎತ್ತರಿಸಿದ್ದ. 1997ರಲ್ಲಿ ಪೆಬಲ್ ಬೀಚ್‌ನ ಶ್ರೀಮಂತರ ಪ್ರದರ್ಶನ ಹಾಟ್ ರಾಡ್‌ಗಳಿಗೆ ಮೊದಲ ಸಲ ಬಾಗಿಲು ತೆರೆದಾಗ ಗೆದ್ದಿದ್ದೂ ಇದೇ.

ಆದರೆ ಯಾವ ಕಾರು ಅಂತ ಎಲ್ಲರೂ ಕೇಳುತ್ತಾರೆ. ಅದು ಯಾವ ವರ್ಷ ಇದ್ದ ಹಾಗೆ ಇರಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಹಾಟ್ ರಾಡಿನ ವಿಷಯದಲ್ಲಿ ಅದೇ ಅಲ್ವಾ ನಿಜವಾದ ತಲೆನೋವು? ಕಂಪನಿ ಕಾರಾದರೆ ಕಾರ್ಖಾನೆಯಿಂದ ಬಂದ ಹಾಗೆ ಮಾಡಿ ಕೈ ತೊಳೆದುಕೊಳ್ಳಬಹುದು. ಇದನ್ನು ಪ್ರತಿ ಓನರ್ ಬಿಚ್ಚಿ ಕಟ್ಟಿದ್ದಾನೆ. ಯಾರ ಕೈಕೆಲಸ ಉಳಿಸೋದು, ಯಾರದ್ದು ಅಳಿಸೋದು?

ಬಾಬ್ ಮೆಗೀಯ 1932 ನೋಡಿ. ಯುದ್ಧ ಮುಗಿದ ಮೇಲೆ ಕಟ್ಟಿದ್ದು. 1948ರ ಅಕ್ಟೋಬರಿನಲ್ಲಿ ಹಾಟ್ ರಾಡ್ ಪತ್ರಿಕೆಯ ಮುಖಪುಟದಲ್ಲಿ ಬಂತು. ಆಮೇಲೆ ಡಿಕ್ ಸ್ಕ್ರಿಚ್‌ಫೀಲ್ಡ್ ಕೈಗೆ ಹೋಯಿತು. ಆತ ಶೆವರ್ಲೆ ವಿ8 ಕೂರಿಸಿದ. ಮಿಣಮಿಣ ಹೊಳೆಯುವ ಮೆಟಲ್‌ಫ್ಲೇಕ್ ಬಣ್ಣ ಹೊಡೆಸಿದ. ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 167 ಮೈಲಿ ಓಡಿಸಿದ. ದಶಕಗಳ ಕಾಲ ಅವನ ಹತ್ತಿರವೇ ಇತ್ತು. ಆಮೇಲೆ ಕಾರು ಸಂಗ್ರಾಹಕ ಬ್ರೂಸ್ ಮೇಯರ್ ಕೊಂಡು, ಮತ್ತೆ ಮುಖಪುಟದಲ್ಲಿ ಇದ್ದ ಹಾಗೆ ಮಾಡಿಸಿದರು. ಕೆಂಪು ಬಣ್ಣ, ಫ್ಲಾಟ್‌ಹೆಡ್ ಅಂತ ಕರೆಯುವ ಫೋರ್ಡ್‌ನ ಹಳೆಯ ವಿ8 ಎಂಜಿನ್. ಕೆಲಸ ಅಚ್ಚುಕಟ್ಟಾಗಿದೆ, ಕೈ ಮುಗಿಯುತ್ತೇನೆ. ಆದರೆ ಸ್ಕ್ರಿಚ್‌ಫೀಲ್ಡ್ ಓಡಿಸಿದ ಕಾರು ಈಗ ಎಲ್ಲಿದೆ? ಅವನು ಬರೀ ನಡುವೆ ಇಟ್ಟುಕೊಂಡಿದ್ದವನಾ?

ಅದಕ್ಕೇ ನನ್ನ ಗ್ಯಾರೇಜಿನ ಮೊದಲ ಜಾಗ ಎಡ್ ಇಸ್ಕೆಂಡೇರಿಯನ್‌ನ 1924ರ ಫೋರ್ಡ್ ಮಾಡೆಲ್ ಟಿಗೆ. ಎಂಜಿನ್ನಿನ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮಾಡಿ ಹೆಸರಾದ ಇಸ್ಕಿ ಇದನ್ನು ಕಟ್ಟಿದ್ದು ಹುಡುಗನಾಗಿದ್ದಾಗ. ಫೋರ್ಡ್ ವಿ8ಗೆ ಮ್ಯಾಕ್ಸಿ ಅನ್ನುವ ಹೆಸರಿನ ಸಿಲಿಂಡರ್ ಹೆಡ್ ಹಾಕಿದ್ದ. 1942ರಲ್ಲಿ ಒಣ ಕೆರೆಯಲ್ಲಿ ಗಂಟೆಗೆ 120 ಮೈಲಿ ಮುಟ್ಟಿದ. ಹಾಟ್ ರಾಡ್ ಪತ್ರಿಕೆಯ 1948ರ ಜೂನ್ ಮುಖಪುಟ ಇದರದ್ದೇ. ಅವನು ಮಾರಲಿಲ್ಲ, ಹೊಸದರ ಹಾಗೆ ಮಾಡೋಕೂ ಹೋಗಲಿಲ್ಲ. ಯಾವ ವರ್ಷಕ್ಕೆ ತರೋದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಮೆಗೀ ಕಾರೂ ಬೇಕು, ಬಿಡೋದಿಲ್ಲ. ಆದರೆ ನನ್ನ ಕೈಗೆ ಬಂದರೆ ಮೆಟಲ್‌ಫ್ಲೇಕ್ ಬಣ್ಣ, ಶೆವರ್ಲೆ ಎಂಜಿನ್ ಎರಡೂ ವಾಪಸ್ ಬರುತ್ತವೆ. ಫ್ಲಾಟ್‌ಹೆಡ್ ಭಕ್ತರು ಇದನ್ನು ಓದಿದರೆ ಬೈಯುತ್ತಾರೆ. ಬೈಯಲಿ, ಆ ಜಗಳಕ್ಕಾದರೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ.