ನರಕ್ಕೆ ಅಂಟು ಸಿಕ್ಕಿತೇ?

ಈ ಪ್ರಶ್ನೆ ನನಗೆ ಹೆಚ್ಚಾಗಿ ಎದುರಾಗುವುದು ಮದುವೆಮನೆಗಳಲ್ಲಿ, ಎಲೆಗೆ ಇನ್ನೂ ಕೋಸಂಬರಿ ಬೀಳುತ್ತಿರುವ ಹೊತ್ತಿಗೆ. ತುಂಡಾದ ನರ ಮತ್ತೆ ಬೆಳೆಯಲು ನೆರವಾಗುವ ವಸ್ತುಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಹೇಳಿ ಮುಗಿಸುವುದರೊಳಗೆ ಪಕ್ಕದ ಎಲೆಯವರು ಕೇಳುತ್ತಾರೆ: "ಹಾಗಾದರೆ ನರಕ್ಕೆ ಹಚ್ಚುವ ಅಂಟು ಸಿಕ್ಕಿತೇ?"

ಅಂಟು ಆಗಲೇ ಇದೆ. ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನಿನಿಂದ ಮಾಡಿದ್ದು. ಅದು ಬೇಡವೆಂದರೆ ತಲೆಗೂದಲಿಗಿಂತ ತೆಳುವಾದ ದಾರವಿದೆ. ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ ಹೊಲಿಯುತ್ತಾರೆ. ತೊಂದರೆ ಜೋಡಿಸುವುದರಲ್ಲಿಲ್ಲ, ಜೋಡಿಸಿದ ಮೇಲಿದೆ.

(ಒಂದು ಮಾತು. ರಕ್ತ ತೆಗೆಯುವಾಗ ನರ್ಸ್ "ನರ ಸಿಗುತ್ತಿಲ್ಲ" ಎನ್ನುವುದು ರಕ್ತನಾಳದ ಬಗ್ಗೆ. ಗೋಡೆಗಳ ಮೇಲೆ ಬರೆಸುವ 'ನರದೌರ್ಬಲ್ಯ'ವಂತೂ ಬೇರೆಯೇ ವ್ಯಾಪಾರ. ನಾನು ಹೇಳುತ್ತಿರುವುದು ಸ್ಪರ್ಶ, ನೋವು, ಚಲನೆಯ ಸುದ್ದಿ ಸಾಗಿಸುವ ನರ.)

1850ರಲ್ಲಿ ಅಗಸ್ಟಸ್ ವಾಲರ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ನೋಡಿದ. ತುಂಡಿನಿಂದಾಚೆಗಿನ ಭಾಗ ಕೆಲವೇ ದಿನಗಳಲ್ಲಿ ಚೂರುಚೂರಾಗಿ ಕರಗಿಹೋಯಿತು. ಕಾರಣ ಸರಳ: ನರದೊಳಗಿನ ಒಂದೊಂದು ಎಳೆಯೂ ಒಂದೇ ಜೀವಕೋಶದ ಚಾಚಿದ ತೋಳು. ಕೋಶದ ಒಡಲು ಬೆನ್ನುಹುರಿಯಲ್ಲೋ ಅದರ ಪಕ್ಕದಲ್ಲೋ ಇರುತ್ತದೆ, ತುದಿ ಕಿರುಬೆರಳಿನಲ್ಲಿರುತ್ತದೆ. ನಡುವೆ ಕಡಿದರೆ ಆಚೆಯ ತುಂಡಿಗೆ ಅನ್ನ ನೀರು ನಿಂತಂತೆ. ಕರೆಂಟಿನ ತಂತಿಯಂತೆ ತುದಿ ಸೇರಿಸಿದ ಕೂಡಲೇ ದೀಪ ಹತ್ತುವುದಿಲ್ಲ. ಮೇಲಿನ ತುದಿಯಿಂದ ಹೊಸ ಎಳೆಗಳು ಚಿಗುರಿ, ಬೆರಳಿನವರೆಗೂ ಬೆಳೆದು ಬರಬೇಕು. ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್.

ಈಗ ಲೆಕ್ಕ ಹಾಕಿ. ಮಣಿಕಟ್ಟಿನ ಗಾಯವಾದರೆ ಬೆರಳ ತುದಿಗೆ ಆರು ತಿಂಗಳಾಗಬಹುದು. ಬೈಕಿನಿಂದ ಬಿದ್ದು ಭುಜದ ಬಳಿ ನರ ಹರಿದರೆ ಅಂಗೈ ತಲುಪಲು ವರ್ಷಕ್ಕಿಂತ ಹೆಚ್ಚು. ಸ್ನಾಯು ಅಷ್ಟು ದಿನ ಕಾಯುವುದಿಲ್ಲ. ಒಂದು, ಒಂದೂವರೆ ವರ್ಷ ಸುದ್ದಿಯೇ ಇಲ್ಲದಿದ್ದರೆ ಸೊರಗಿ, ಆಮೇಲೆ ನರ ಬಂದು ಬಾಗಿಲು ತಟ್ಟಿದರೂ ತೆರೆಯದು.

ತುದಿಗಳ ನಡುವೆ ಅಂತರವಿದ್ದರೆ ಇನ್ನೂ ಕಷ್ಟ. ಎಳೆದು ಹೊಲಿದರೆ ನರ ಸಹಿಸುವುದಿಲ್ಲ. ಹೀಗಾಗಿ ಮೀನಖಂಡದ ಹಿಂದಿರುವ ಸ್ಪರ್ಶದ ನರವೊಂದನ್ನು ತೆಗೆದು ಅಲ್ಲಿಗೆ ಕಸಿ ಮಾಡುತ್ತಾರೆ. ಕೈಗಾಗಿ ಪಾದದ ಹೊರ ಅಂಚು ಮರಗಟ್ಟುತ್ತದೆ. ಇದಕ್ಕೆ ಬದಲಿ ಹುಡುಕುವುದೇ ನಮ್ಮ ಕಸುಬು.

ನಾವು ಮಾಡುವುದು ಕೊಳವೆ; ತುಂಡಾದ ನರದ ಎರಡು ತುದಿಗಳನ್ನು ಅದರ ಎರಡು ಬಾಯಿಗಳಲ್ಲಿ ಇರಿಸುತ್ತಾರೆ. ಪರಂಗಿ ಎಲೆಯ ದಂಟನ್ನು ನೆನೆಸಿಕೊಳ್ಳಿ, ಅಷ್ಟೇ. ಅಳತೆ ಮಾತ್ರ ಚಿಕ್ಕದು. 19ನೆಯ ಶತಮಾನದಲ್ಲೇ ಸುಣ್ಣ ತೆಗೆದ ಮೂಳೆಯ ಕೊಳವೆಯನ್ನು ಪ್ರಯತ್ನಿಸಿದ್ದರು. 1980ರ ದಶಕದಲ್ಲಿ ಸ್ವೀಡನ್ನಿನ ಯೋರಾನ್ ಲುಂಡ್‌ಬೋರ್ಗ್ ಮತ್ತು ಜೊತೆಗಾರರು ಇಲಿಯ ಕಾಲಿನ ನರಕ್ಕೆ ಸಿಲಿಕೋನ್ ಕೊಳವೆ ಹಾಕಿ ಒಳಗೆ ನಡೆಯುವುದನ್ನು ಹಂತಹಂತವಾಗಿ ಕಂಡರು. ಮೊದಲು ದ್ರವ ತುಂಬುತ್ತದೆ, ಆಮೇಲೆ ಫೈಬ್ರಿನ್‌ನ ಎಳೆಯೊಂದು ಎರಡು ತುದಿಗಳಿಗೂ ಸೇತುವೆಯಾಗುತ್ತದೆ, ಅದರ ಮೇಲೆ ನರದ ಎಳೆಗಳಿಗೆ ಹೊದಿಕೆಯಾಗುವ ಶ್ವಾನ್ ಕೋಶಗಳು ತೆವಳುತ್ತವೆ, ಅವುಗಳ ಹಿಂದೆ ನರದ ಎಳೆಗಳು. 10 ಮಿಲಿಮೀಟರ್ ಅಂತರ ದಾಟಿದವು. ಖಾಲಿ ಕೊಳವೆಯಲ್ಲಿ 15 ಮಿಲಿಮೀಟರ್ ದಾಟಲಿಲ್ಲ: ಆ ಸೇತುವೆಯೇ ಕಟ್ಟಿಕೊಳ್ಳಲಿಲ್ಲ. ಆ ಐದು ಮಿಲಿಮೀಟರಿನ ಮೇಲೆಯೇ ನಮ್ಮಂಥ ಎಷ್ಟೋ ಪ್ರಯೋಗಾಲಯಗಳ ಬದುಕು ನಡೆದಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಸಿಲಿಕೋನ್ ಒಳಗೇ ಉಳಿದು ನರವನ್ನು ಹಿಸುಕಬಹುದು. ಆದ್ದರಿಂದ ಈಗ ದೇಹದಲ್ಲೇ ಕರಗುವ ಕೊಲಾಜೆನ್ ಮುಂತಾದವು ಬಂದಿವೆ. ಮನುಷ್ಯರಲ್ಲಿ ಅವುಗಳ ಬಳಕೆ ಸುಮಾರು 3 ಸೆಂಟಿಮೀಟರಿನೊಳಗೆ.

ರೇಷ್ಮೆ ಎಂದಾಗ ಮಾತ್ರ ಮದುವೆಮನೆಯಲ್ಲಿ ಕಿವಿಗಳು ನೆಟ್ಟಗಾಗುತ್ತವೆ. ರಾಮನಗರದ ಮಾರುಕಟ್ಟೆಗೆ ಬರುವಂಥ ಗೂಡೇ ಸಾಕು. ಸೋಡಾ ಹಾಕಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೊಳೆದರೆ ಫೈಬ್ರೋಯಿನ್ ಎಂಬ ರೇಷ್ಮೆಯ ಪ್ರೋಟೀನು ಉಳಿಯುತ್ತದೆ. ಅದನ್ನು ಕರಗಿಸಿ ಕೊಳವೆ ಎರೆಯಬಹುದು. ಅದು ನರಕ್ಕೆ ಒಗ್ಗುತ್ತದೆಂದು ಚೀನಾದ ನಾನ್‌ಟೊಂಗ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದಾರೆ. ಜರ್ಮನಿಯ ಹ್ಯಾನೋವರ್‌ನವರು ಜೇಡರ ರೇಷ್ಮೆಯಿಂದ ಕುರಿಯ ಕಾಲಿನಲ್ಲಿ 6 ಸೆಂಟಿಮೀಟರ್ ದಾಟಿಸಿ 2011ರಲ್ಲಿ ಪ್ರಕಟಿಸಿದರು. ಜೇಡ ಸಾಕುವುದು ಯಾರಿಗೆ ಸಾಧ್ಯ ಎಂಬುದು ಬೇರೆ ಮಾತು.

ಬೆನ್ನುಹುರಿಗೆ ಇದೇ ಕೊಳವೆ ಸಾಲದೇ ಎಂದರೆ, ಸಾಲದು. ಅಲ್ಲಿ ಗಾಯದ ಕಲೆಯೂ ಸುತ್ತಲಿನ ಪೊರೆಯೂ ಚಿಗುರನ್ನು ತಡೆಯುತ್ತವೆ.

ನಮ್ಮ ಚಿಕ್ಕಮ್ಮನ ಮಗ ಕಿಟಕಿಯ ಗಾಜು ಒಡೆದು ಮುಂಗೈಯ ನರ ಕತ್ತರಿಸಿಕೊಂಡಿದ್ದ. ಹೊಲಿದ ವೈದ್ಯರು ಪ್ರತಿ ಭೇಟಿಯಲ್ಲೂ ಬೆರಳಿನಿಂದ ನರದ ಗುಂಟ ತಟ್ಟುತ್ತಿದ್ದರು. ಬೆಳೆಯುವ ತುದಿಯ ಮೇಲೆ ತಟ್ಟಿದಾಗ ಜುಮ್ಮೆನ್ನುತ್ತದೆ. ಫ್ರಾನ್ಸಿನ ಜೂಲ್ ಟಿನೆಲ್ 1915ರಲ್ಲಿ ವಿವರಿಸಿದ ಪರೀಕ್ಷೆ ಅದು. ಹುಡುಗ ಆ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದ. ಮೊನ್ನೆ ಮದುವೆಯಲ್ಲಿ ಅವನೇ ನನ್ನ ಪಕ್ಕದ ಎಲೆಗೆ ಕುಳಿತಿದ್ದ. ಅಂಟಿನ ಪ್ರಶ್ನೆ ಬಂದಾಗ ನನ್ನನ್ನು ಮಾತನಾಡಲು ಬಿಡಲಿಲ್ಲ; ಎಡಗೈಯಲ್ಲಿ ಮೊಬೈಲ್ ತೆಗೆದು ಒಂದೊಂದೇ ಗೆರೆ ತೋರಿಸತೊಡಗಿದ: "ನೋಡಿ ಮಾವ, ಇದು ಯುಗಾದಿಗೆ, ಇದು ಗೌರಿ ಹಬ್ಬಕ್ಕೆ."