ತಪ್ಪು ಮಳೆಯದ್ದಲ್ಲ

ಶಿವಮೊಗ್ಗದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕಂಪ್ಯೂಟರಿನ ಎಲ್ಲ ಕಾಯಿಲೆಗೂ ಒಂದೇ ಕಾರಣ: ನೆಟ್ ಇಲ್ಲ. ಇಲ್ಲಿನ ಒಂದು ಅಡಿಕೆ ಮಂಡಿಯ ವೆಬ್ ಆಪ್ ನಾನು ನೋಡಿಕೊಳ್ಳುತ್ತೇನೆ. ರಾಶಿ, ಬೆಟ್ಟೆ, ಗೊರಬಲು, ಯಾವ ಲಾಟ್ ಬಂದರೂ ಫೋಟೊ ತೆಗೆದು ಪೋಸ್ಟ್‌ಗ್ರೆಸ್ ಡೇಟಾಬೇಸಿಗೇ ಹಾಕುತ್ತಾರೆ. ಹೊಸ ಫೋನು ಬಂದು ಫೋಟೊಗಳು ದೊಡ್ಡದಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಒಬ್ಬರು ಲಾಟ್ ತೆರೆದರೆ ಸಾಕು, ಪಕ್ಕದಲ್ಲಿ ಬಿಲ್ ಮಾಡುವವರ ಸ್ಕ್ರೀನೂ ಸುಮ್ನೆ ನಿಂತುಬಿಡುತ್ತಿತ್ತು. "ಮಳೆ ನಿಲ್ಲೋವರೆಗೂ ಇಷ್ಟೇ ಬಿಡಿ ಮಾರಾಯ್ರೆ" ಎಂದರು ಸಾಹುಕಾರರು.

ಕ್ರೋಮಿನ ನೆಟ್‌ವರ್ಕ್ ಟ್ಯಾಬ್ ನೋಡಿದರೆ ಹಾಗೇನಿಲ್ಲ. ಡೌನ್‌ಲೋಡ್ ಚೂರು ಹೊತ್ತು, ಉಳಿದದ್ದೆಲ್ಲ ಸರ್ವರ್ ಉತ್ತರಕ್ಕೆ ಕಾದದ್ದು. ಡೇಟಾಬೇಸಿನ ಹೊತ್ತು ಅಳೆಯುವ ಎಕ್ಸ್‌ಪ್ಲೇನ್ ಅನಲೈಸ್ ಕಮಾಂಡ್ ಹಾಕಿದರೆ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತಿತ್ತು. ತುಂಬಾ ಜನ ದಾರಿ ತಪ್ಪುವುದು ಇಲ್ಲೇ. ಅದು ಹೇಳುವುದು ಸಾಲುಗಳನ್ನು ಹುಡುಕಿದ ಸಮಯ. ಸಿಕ್ಕಿದ್ದನ್ನು ಅಕ್ಷರ ಮಾಡಿ ಕಳಿಸುವ ಹೊತ್ತು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಆಪ್ ಓಡುವುದು ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ (Node.js) ಮೇಲೆ. ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತದೆಂದು ತೋರಿಸುವ ಅದರ ಪ್ರೊಫೈಲರ್ ಓಡಿಸಿದೆ. ಹೊತ್ತೆಲ್ಲ ನುಂಗುತ್ತಿದ್ದದ್ದು ಆಪ್‌ಗೂ ಡೇಟಾಬೇಸಿಗೂ ನಡುವೆ ಕೂತ ಡ್ರೈವರ್ ಎಂಬ ಕೋಡಿನೊಳಗೆ ಬೈಟ್ ಬಿಡಿಸುವ ಒಂದೇ ಫಂಕ್ಷನ್. ಅದಕ್ಕೆ ಬರುತ್ತಿದ್ದ ಡೇಟಾ ಪ್ರಿಂಟ್ ಮಾಡಿದೆ. ಜೆಪೆಗ್ ಫೋಟೊ ಹೆಕ್ಸ್‌ನಲ್ಲಿ (ಬೈಟನ್ನು 16ರ ಲೆಕ್ಕದಲ್ಲಿ ಬರೆಯುವ ರೀತಿ) ಎಫ್‌ಎಫ್‌ಡಿ8 ಎಂದು ಶುರುವಾಗಬೇಕು. ಇಲ್ಲಿದ್ದದ್ದು \377\330, ಅವೇ ಬೈಟುಗಳು 8ರ ಲೆಕ್ಕದಲ್ಲಿ. ಓಹೋ, ಇದು ಹಳೇ ಕಾಲದ್ದು!

2010ರ 9.0 ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಬೈನರಿ ಡೇಟಾವನ್ನು ಹೆಕ್ಸ್‌ನಲ್ಲಿ ಕೊಡುತ್ತದೆ, ಬೈಟಿಗೆ 2 ಅಕ್ಷರ. ಅದಕ್ಕೂ ಹಿಂದಿನದು ಎಸ್ಕೇಪ್. ಅದರಲ್ಲಿ ಅಚ್ಚಾಗದ ಪ್ರತಿ ಬೈಟಿಗೂ 4 ಅಕ್ಷರ, ಫೋಟೊ ಹತ್ತಿರಹತ್ತಿರ 3 ಪಟ್ಟು ಉಬ್ಬುತ್ತದೆ. ಉಬ್ಬಿದರೆ ಉಬ್ಬಲಿ, ನಿಜವಾದ ತಲೆನೋವು ಬಿಡಿಸುವುದರಲ್ಲಿದೆ. ಹೆಕ್ಸ್ ಆದರೆ ನೋಡ್ ಒಂದೇ ಏಟಿಗೆ ಮುಗಿಸುತ್ತದೆ. ಎಸ್ಕೇಪ್ ಬಂದರೆ ನಮ್ಮ ಡ್ರೈವರ್ ಚೀಲ ಸುರಿದು ಒಂದೊಂದೇ ಅಡಿಕೆ ಆರಿಸಿದ ಹಾಗೆ ಅಕ್ಷರ ಅಕ್ಷರವನ್ನೂ ನೋಡುತ್ತಾ ಹೋಗುತ್ತದೆ. ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಒಂದು ಕೆಲಸ ಮುಗಿಯದೆ ಇನ್ನೊಂದಿಲ್ಲ. ಬಿಲ್ಲಿನವರು ಕಾದದ್ದು ಅದಕ್ಕೇ.

ಡೇಟಾಬೇಸ್ ಸೆಟ್ಟಿಂಗಿನಲ್ಲೇ ಯಾರೋ ಎಸ್ಕೇಪ್ ಎಂದು ಇಟ್ಟು ಹೋಗಿದ್ದರು. ಅವರನ್ನು ಬೈಯುವಂತಿಲ್ಲ. ತೂಕದ ಹಳೇ ಸಾಫ್ಟ್‌ವೇರ್‌ಗೆ ಹೆಕ್ಸ್ ಅರ್ಥವಾಗಲ್ಲ, ಅದು ಈಗಲೂ ಓಡುತ್ತಿದೆ. ಹಾಗಾಗಿ ಡೇಟಾಬೇಸಿನ ಆ ಸೆಟ್ಟಿಂಗ್ ಮುಟ್ಟದೆ ವೆಬ್ ಆಪ್ ಬಳಸುವ ಯೂಸರ್‌ಗೆ ಮಾತ್ರ ಹೆಕ್ಸ್ ಕೊಟ್ಟೆ. ಏನೂ ಬದಲಾಗಲಿಲ್ಲ! ಆಪ್ ಮೊದಲೇ ತೆರೆದು ಪೂಲಿನಲ್ಲಿ ಇಟ್ಟುಕೊಂಡಿದ್ದ ಡೇಟಾಬೇಸ್ ಕನೆಕ್ಷನ್‌ಗಳು ಹಳೇ ಸೆಟ್ಟಿಂಗ್ ಹಿಡಿದುಕೊಂಡೇ ಕೂತಿದ್ದವು. ಸರ್ವೀಸ್ ರೀಸ್ಟಾರ್ಟ್ ಮಾಡಿ ತೀರ್ಥಹಳ್ಳಿ ಕಡೆಯ ಒಂದು ಲಾಟ್ ತೆರೆದೆ. ಫೋಟೊ ಪಟ್ಟನೆ ಬಂತು.

ಲಾಟ್‌ಗಳ ಪಟ್ಟಿಯಲ್ಲಿ ಹೆಬ್ಬೆಟ್ಟಿನಷ್ಟು ಚಿತ್ರ ತೋರಿಸಲು ಇನ್ನೂ ಪೂರ್ತಿ ಫೋಟೊನೇ ಎಳೆದು ತರುತ್ತಿದ್ದೇವೆ. ಅದು ದಂಡ ಅಲ್ವಾ? ಮುಂದಿನ ಕೆಲಸ ಅದೇ.