ಬೆಳ್ಳಿ ರೂಪಾಯಿಗೆ ಲಕ್ಷ ಬರುತ್ತಾ ಎಂದು ಕೇಳುವವರಿಗೆ

ನಾನು ಹಳೇ ನಾಣ್ಯ ಕೂಡಿಡುತ್ತೇನೆಂದು ಗೊತ್ತಾದರೆ ಸಾಕು, ಶುರು: "ನಮ್ಮನೇಲೂ ಒಂದು ಬೆಳ್ಳಿ ರೂಪಾಯಿ ಇದೆ. ಅಕ್ಷರ ಅರ್ಧಂಬರ್ಧ ಬಿದ್ದಿದೆ. ಮಿಸ್ಟೇಕ್ ಕಾಯಿನ್ ಅಂತಾರಲ್ಲ, ಲಕ್ಷ ಬರುತ್ತಾ?" ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಬರಲ್ಲ. ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟಿ ಅಂತ ವಾಟ್ಸಾಪಲ್ಲಿ ಬಂದರೆ ಆ ನಂಬರ್ ಬ್ಲಾಕ್ ಮಾಡಿ.

ಜಯನಗರದಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೆ, ಕೋಸಂಬರಿ ಬಡಿಸುತ್ತಿದ್ದರು. ಪಕ್ಕದಲ್ಲಿದ್ದವರು ನಮ್ಮ ಭಾವನ ಸ್ನೇಹಿತರು. ಜೇಬಿಂದ ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಎಲೆಯ ಪಕ್ಕ ಇಟ್ಟರು. "ಸಾರ್, ಅಜ್ಜಿ ದೇವರ ಪೆಟ್ಟಿಗೇಲಿತ್ತು. ನೋಡಿ, ಅಕ್ಷರ ಎಲ್ಲಾ ಕಟ್ಟಾಗಿದೆ." ಕುಂಕುಮ ಮೆತ್ತಿದ ದಪ್ಪ ಬಿಲ್ಲೆ, ಎರಡೂ ಕಡೆ ಪಾರಸಿ ಬರಹ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ರೂಪಾಯಿ!

ತಪ್ಪು ಅಚ್ಚಲ್ಲ ಸ್ವಾಮಿ, ಆಗ ನಾಣ್ಯ ಮಾಡುತ್ತಿದ್ದುದೇ ಹಾಗೆ. ಯಂತ್ರ ಬರುವ ಮುಂಚೆ ಟಂಕಸಾಲೆಯಲ್ಲಿ ಅಚ್ಚು ದೊಡ್ಡದು, ಬೆಳ್ಳಿ ಬಿಲ್ಲೆ ಚಿಕ್ಕದು. ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಬಿಲ್ಲೆ ಎಲ್ಲಿ ಕೂತಿತ್ತೋ ಅಷ್ಟೇ ಬರಹ ಅದಕ್ಕೆ ಸಿಕ್ಕಿತು. ಉಳಿದದ್ದು ಅಚ್ಚಲ್ಲೇ ಉಳಿಯಿತು. ಸಾಲುಗಳನ್ನು ಎಷ್ಟೋ ಸಲ ಕೆಳಗಿಂದ ಮೇಲಕ್ಕೆ ಓದಬೇಕು. ಒಂದು ಕಡೆ ದಿಲ್ಲಿಯ ಷಾ ಆಲಂ ಬಾದಷಾನ ಹೆಸರು. ಆತ ತೀರಿಕೊಂಡದ್ದು 1806ರಲ್ಲಿ. ಆಮೇಲೂ ಮೈಸೂರಿನಲ್ಲಿ ಅದೇ ಹೆಸರಲ್ಲಿ ರೂಪಾಯಿ ಹೊಡೆದರು. ಜನ ಕಂಡು ನಂಬಿದ್ದ ಮುದ್ರೆ ಅದು, ಬದಲಿಸಿದ್ದರೆ ಪೇಟೆಯಲ್ಲಿ ಯಾರು ತಗೋತಿದ್ದರು? ಚಿನಿವಾರರು ಬೆಳ್ಳಿ ಪರೀಕ್ಷೆಗೆ ಒತ್ತಿದ ಸಣ್ಣ ಗುರುತೂ ಭಾವನ ಸ್ನೇಹಿತರ ನಾಣ್ಯದ ಅಂಚಿನಲ್ಲಿತ್ತು. ಅದನ್ನು ಅವರು "ಡ್ಯಾಮೇಜ್" ಅಂದರು.

ವಿಕ್ಟೋರಿಯಾ ರೂಪಾಯಿ ತರುವವರಿಗೂ ಇದೇ ಮಾತು. 1862 ಅಂತ ಇದ್ದ ಮಾತ್ರಕ್ಕೆ ಅದು 1862ರದ್ದೇ ಅಲ್ಲ. ಹತ್ತು ವರ್ಷಕ್ಕೂ ಮೇಲೆ ಅದೇ ಇಸವಿ ಹಾಕಿದರು, ಬಾಂಬೆ ಟಂಕಸಾಲೆಯವರು ಇಸವಿಯ ಕೆಳಗೆ ಚುಕ್ಕಿ ಸೇರಿಸುತ್ತಾ ಹೋದರು. ನೀವು ಕೊಳೆ ಅಂತ ಹುಣಸೆಹಣ್ಣು ಹಾಕಿ ತಿಕ್ಕುತ್ತೀರಲ್ಲ, ಅದೇ ಚುಕ್ಕಿ. ದಯವಿಟ್ಟು ತಿಕ್ಕಬೇಡಿ. ನಿಜಕ್ಕೂ ಎಡವಟ್ಟಾದದ್ದು 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ. ದೊರೆಯ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತು. ಜನ ಸಿಟ್ಟಾದರು, 1912ಕ್ಕೆ ಸೊಂಡಿಲು ಉದ್ದವಾಯಿತು.

ಎಷ್ಟು ಬರುತ್ತೆ ಅನ್ನೋದು ಬಿಡಿ. ಉಳಿದ ಅಕ್ಷರ ಎಲ್ಲಿ ಹೋಯ್ತು ಅಂತ ಒಬ್ಬರೂ ಯಾಕೆ ಕೇಳಲ್ಲ? ಅದನ್ನು ಕೇಳಿದರೆ ಇಡೀ ಮಧ್ಯಾಹ್ನ ನಿಮ್ಮ ಜೊತೆ ಕೂರುತ್ತೇನೆ. ಅದು ಇನ್ನೊಂದು ನಾಣ್ಯದ ಮೇಲಿರುತ್ತೆ. ಒಂದರಲ್ಲಿ ಎಡಗಡೆ ಬಿದ್ದಿರುತ್ತೆ, ಇನ್ನೊಂದರಲ್ಲಿ ಬಲಗಡೆ. ಎರಡು ಮೂರು ಪಕ್ಕಪಕ್ಕ ಇಟ್ಟರೆ ಸಾಲು ತುಂಬುತ್ತೆ. ನನ್ನ ಹತ್ತಿರ ಇಂಥವು ಎರಡಿವೆ. ಎರಡರಲ್ಲೂ ಮೈಸೂರು ಅನ್ನೋ ಹೆಸರು ಅಂಚಿಗೆ ಸರಿದು ತುಂಡಾಗಿದೆ. ಜಯನಗರದವರ ನಾಣ್ಯದಲ್ಲಿ ಆ ಹೆಸರು ಪೂರ್ತಿ ಇತ್ತು. ಫೋಟೋ ತಗೊಳ್ಳೋಣ ಅಂದರೆ ಕೈಯೆಲ್ಲಾ ಸಾರು. ಊಟ ಆದಮೇಲೆ ಅಂದೆ, ಅಷ್ಟರಲ್ಲಿ ಅವರು ಹೊರಟಿದ್ದರು.

ಮುಂದಿನ ವಾರ ಭಾವನಿಂದ ನಂಬರ್ ಇಸ್ಕೊಂಡು ಫೋನ್ ಮಾಡಿದೆ. "ಲಕ್ಷ ಬರಲ್ಲ ಅಂದ್ರಲ್ಲ ಸಾರ್, ಅವೆನ್ಯೂ ರೋಡಿನ ಬೆಳ್ಳಿ ಅಂಗಡೀಲಿ ಹಾಕಿ ಕುಂಕುಮದ ಬಟ್ಟಲು ತಗೊಂಡ್ವಿ. ತೂಕಕ್ಕೆ ಸರಿಯಾಗಿ ಕೊಟ್ರು" ಅಂದರು.